ಬೆಂಗಳೂರು ಪೇಟೆ ನಡೆದು ನೋಡಬೇಕೆ? ಮೊದಲು ಗಡಿಯಾರ ನೋಡಿ

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಮುಂದಿನ ತಿಂಗಳು ಬೆಂಗಳೂರಿಗೆ ಬರುತ್ತಿದ್ದೇವೆ. ಜೊತೆಯಲ್ಲಿ ಇಬ್ಬರು ಮಕ್ಕಳು, ಮಂಡಿನೋವಿರುವ ತಾಯಿ ಇರುತ್ತಾರೆ. ಹಿಂದೊಮ್ಮೆ ಮಧ್ಯಾಹ್ನ ಕೆ.ಆರ್. ಮಾರ್ಕೆಟ್ಟಿನಿಂದ ನಡೆಯಲು ಶುರು ಮಾಡಿ, ಗದ್ದಲಕ್ಕೆ ಬೇಸತ್ತು ಅರ್ಧ ಗಂಟೆಯಲ್ಲೇ ಆಟೋ ಹತ್ತಿದ್ದೆವು. ಕೆಂಪೇಗೌಡರ ಕಾಲದ ಪೇಟೆ, ಕೋಟೆ ಎರಡನ್ನೂ ಗೈಡ್ ಇಲ್ಲದೆ ಅರ್ಧ ದಿನದಲ್ಲಿ ನೋಡಲು ಸಾಧ್ಯವೇ? ಎಲ್ಲಿಂದ ಶುರು ಮಾಡಬೇಕು, ಏನನ್ನು ಬಿಡಬಹುದು?

ಉತ್ತರ: ಸಾಧ್ಯ. ನೀವು ಹಿಡಿದ ದಾರಿ ಸರಿಯಾಗಿಯೇ ಇತ್ತು, ಹೋದ ಹೊತ್ತು ಮಾತ್ರ ಸರಿಯಿರಲಿಲ್ಲ. ಪೇಟೆಯಲ್ಲಿ ಒಂದೊಂದು ಜಾಗಕ್ಕೂ ಅದರದೇ ಹೊತ್ತಿದೆ. ಹೂವಿನ ವ್ಯಾಪಾರ ಬೆಳಗಿನ ಜಾವಕ್ಕೇ ಜೋರು, ಎಂಟಕ್ಕೆಲ್ಲ ಇಳಿಮುಖ. ಹಳೆಯ ಕಟ್ಟಡಗಳನ್ನು ನೋಡಬೇಕಾದರೆ ಅಂಗಡಿಗಳು ಬಾಗಿಲು ತೆರೆಯುವ ಮೊದಲೇ ಹೋಗಬೇಕು. ಕೋಟೆ ಮತ್ತು ಟಿಪ್ಪು ಅರಮನೆ ಬೆಳಿಗ್ಗೆ 8.30ರ ಸುಮಾರಿಗೆ ತೆರೆಯುತ್ತವೆ. ಸೀರೆ ಅಂಗಡಿಗಳು ಚುರುಕಾಗುವುದು ಹತ್ತೂವರೆಯ ಮೇಲೆ. ನಕ್ಷೆಯಲ್ಲಿ ದಕ್ಷಿಣದಿಂದ ಉತ್ತರಕ್ಕೆ ಒಂದೇ ಗೆರೆ ಎಳೆದು ಹೊರಟವರಿಗೆ ಮುಚ್ಚಿದ ಕೋಟೆ, ಖಾಲಿಯಾದ ಹೂವಿನ ಕಟ್ಟೆ, ತುಂಬಿ ತುಳುಕುವ ಅವೆನ್ಯೂ ರಸ್ತೆ, ಮೂರೂ ತಪ್ಪಾದ ಹೊತ್ತಿನಲ್ಲೇ ಎದುರಾಗುತ್ತವೆ. ಆದ್ದರಿಂದ ಮಾರುಕಟ್ಟೆಯನ್ನು ಮೊದಲು, ಪೇಟೆಯ ಬೀದಿಗಳನ್ನು ನಂತರ, ಅರಮನೆ ಮತ್ತು ಕೋಟೆಯನ್ನು ಕೊನೆಗೆ ಇಟ್ಟುಕೊಳ್ಳಿ. ನಡುವೆ ಒಂದು ನಿಲ್ದಾಣದಷ್ಟು ಮೆಟ್ರೊ ಪ್ರಯಾಣ. ಒಟ್ಟು ನಡಿಗೆ ನಾಲ್ಕು ಕಿಲೋಮೀಟರ್ ಆಸುಪಾಸು, ತಿಂಡಿಯೂ ಸೇರಿ ಐದು ಗಂಟೆ ಹಿಡಿಯುತ್ತದೆ.

ಹೊರಡುವ ಮೊದಲು ಊರಿನ ಅಚ್ಚು ತಲೆಯಲ್ಲಿರಲಿ. ಹಳೆಯ ಬೆಂಗಳೂರು ಎಂದರೆ ಒಂದಕ್ಕೊಂದು ಅಂಟಿಕೊಂಡಿದ್ದ ಎರಡು ಆವರಣ: ಉತ್ತರಕ್ಕೆ ಪೇಟೆ, ದಕ್ಷಿಣಕ್ಕೆ ಕೋಟೆ. ಇವೆರಡರ ಸಂದಿನಲ್ಲೇ ಇಂದಿನ ಕೆ.ಆರ್. ಮಾರ್ಕೆಟ್ ಇದೆ. ಯಲಹಂಕ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಮಣ್ಣಿನ ಕೋಟೆ ಕಟ್ಟಿ ಪೇಟೆಯನ್ನು ಗುರುತು ಹಾಕಿದರು. ಎತ್ತುಗಳನ್ನು ನಾಲ್ಕು ದಿಕ್ಕಿಗೆ ಹೂಡಿ, ನೇಗಿಲ ಗೆರೆಯೇ ಬೀದಿಯಾಯಿತೆಂಬುದು ಐತಿಹ್ಯ. ಆ ಐತಿಹ್ಯ ಏನೇ ಇರಲಿ, ಎರಡು ಬೀದಿಗಳು ಅಡ್ಡಲಾಗಿ ಕೂಡುವ ವಿನ್ಯಾಸವಂತೂ ಇವತ್ತಿಗೂ ಕಾಲಿಗೆ ಸಿಗುತ್ತದೆ. ಉತ್ತರ–ದಕ್ಷಿಣದ ದೊಡ್ಡಪೇಟೆ ಇಂದು ಅವೆನ್ಯೂ ರಸ್ತೆ. ಪೂರ್ವ–ಪಶ್ಚಿಮದ ಬೀದಿ ಚಿಕ್ಕಪೇಟೆ. ತುದಿಗಳಲ್ಲಿ ಯಲಹಂಕ ಬಾಗಿಲು, ಹಲಸೂರು ಬಾಗಿಲು, ಸೊಂಡೆಕೊಪ್ಪ ಬಾಗಿಲು ಮುಂತಾದ ಹೆಬ್ಬಾಗಿಲುಗಳಿದ್ದವು. ಬಾಗಿಲುಗಳು ಹೋಗಿವೆ, ಹೆಸರು ಪೊಲೀಸ್ ಠಾಣೆಯ ಬೋರ್ಡಿನ ಮೇಲೆ ಉಳಿದಿದೆ: ಹಲಸೂರು ಗೇಟ್ ಠಾಣೆ ಹಲಸೂರಿನಲ್ಲಿಲ್ಲ, ಪೇಟೆಯ ಪೂರ್ವದ ಅಂಚಿನಲ್ಲಿದೆ. ಆಟೋದವರಿಗೆ ಹೇಳುವಾಗ ಇದು ನೆನಪಿರಲಿ, ಇಲ್ಲವಾದರೆ ಹಲಸೂರು ಕೆರೆ ಮುಟ್ಟುತ್ತೀರಿ.

1791ರಲ್ಲಿ ಟಿಪ್ಪುವಿನ ಮೇಲಿನ ಯುದ್ಧಕ್ಕೆ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೇನೆ ಬಂದಾಗ ಕ್ಲಾಡ್ ಮಾರ್ಟಿನ್ ಬರೆದ ಬೆಂಗಳೂರಿನ ನಕ್ಷೆ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಅದನ್ನು ಫೋನಿಗೆ ಇಳಿಸಿಕೊಳ್ಳಿ. ಗೈಡ್ ಬದಲಿಗೆ ಏನಾದರೂ ಬೇಕೆಂದರೆ ಅದೇ ಸಾಕು. ಇನ್ನೂರು ವರ್ಷಕ್ಕೂ ಹಿಂದಿನ ಆ ಹಾಳೆಯ ಮುಖ್ಯ ಬೀದಿಗಳನ್ನು ಇಂದಿನ ಉಪಗ್ರಹ ಚಿತ್ರದ ಪಕ್ಕ ಇಟ್ಟರೆ ಎಷ್ಟು ಹೊಂದುತ್ತವೆ ಎಂದು ಮಕ್ಕಳೇ ಕಂಡುಹಿಡಿಯುತ್ತಾರೆ. ಇಂದಿನ ನಕ್ಷೆಯ ನೀಲಿ ಚುಕ್ಕೆಯನ್ನು ಮಾತ್ರ ಓಣಿಗಳೊಳಗೆ ನಂಬಬೇಡಿ. ಎರಡೂ ಬದಿ ಎತ್ತರದ ಕಟ್ಟಡಗಳಿರುವ ಕಿರಿದಾದ ಸಂದಿಗಳಲ್ಲಿ ಅದು ಪಕ್ಕದ ಬೀದಿಗೆ ಹಾರುತ್ತದೆ. ಅವೆನ್ಯೂ ರಸ್ತೆಗೆ ಯಾವ ದಿಕ್ಕಿನಲ್ಲಿ ವಾಪಸ್ ಬರಬೇಕು ಎಂಬುದೊಂದು ಗೊತ್ತಿದ್ದರೆ ಕಳೆದುಹೋಗುವ ಭಯವಿಲ್ಲ.

ವಾರದ ದಿನವೇ ಬನ್ನಿ. ಭಾನುವಾರ ಮೆಟ್ರೊ ತಡವಾಗಿ ಶುರುವಾಗುತ್ತದೆ, ಪೇಟೆಯ ಸಗಟು ಅಂಗಡಿಗಳಲ್ಲಿ ಬಹುಪಾಲು ಮುಚ್ಚಿರುತ್ತವೆ. ಬರಿಯ ಕಟ್ಟಡ ನೋಡುವವರಿಗೆ ಭಾನುವಾರ ಒಳ್ಳೆಯದೇ. ಎಸ್.ಜೆ.ಪಿ. ರಸ್ತೆಯ ಸುತ್ತ ಹಳೆಯ ಸಾಮಾನುಗಳ ಸಂಡೇ ಬಜಾರ್ ಕೂಡ ಸಿಗುತ್ತದೆ. ಆದರೆ ಪೇಟೆ ಹೇಗೆ ಬದುಕುತ್ತದೆ ಎಂಬುದು ಅಂದು ಕಾಣುವುದಿಲ್ಲ. ವರಮಹಾಲಕ್ಷ್ಮಿ, ಗಣೇಶ ಚೌತಿ, ಆಯುಧಪೂಜೆಯ ಹಿಂದಿನ ಎರಡು ದಿನ ಮಕ್ಕಳು, ವಯಸ್ಸಾದವರನ್ನು ಮಾರುಕಟ್ಟೆಗೆ ಕರೆತರಲೇಬೇಡಿ, ಕಾಲಿಡಲು ಜಾಗವಿರುವುದಿಲ್ಲ. ಕಾರಂತೂ ಬೇಡವೇ ಬೇಡ. ಹಸಿರು ಮಾರ್ಗದ ಕೃಷ್ಣರಾಜೇಂದ್ರ ಮಾರುಕಟ್ಟೆ ಮೆಟ್ರೊ ನಿಲ್ದಾಣಕ್ಕೆ ಬೆಳಿಗ್ಗೆ ಆರೂಕಾಲಿಗೆ ಬಂದಿಳಿಯಿರಿ. ಹೊರಬರುವ ಮೊದಲು ನಿಲ್ದಾಣದ ಶೌಚಾಲಯ ಬಳಸಿಕೊಳ್ಳಿ. ಮುಂದಿನ ಮೂರು ಗಂಟೆ ಅಷ್ಟು ಸ್ವಚ್ಛವಾದದ್ದು ದಾರಿಯಲ್ಲಿ ಸಿಗುವುದು ಕಷ್ಟ.

ಪಾದರಕ್ಷೆಯ ಬಗ್ಗೆ ಒಂದು ಮಾತು. ಮಾರುಕಟ್ಟೆಯ ನೆಲದ ಮೇಲೆ ಹೂವಿನ ಎಸಳು, ಬಾಳೆಎಲೆ, ನೀರು ಎಲ್ಲ ಬೆರೆತು ಜಾರುತ್ತದೆ. ನುಣುಪಾದ ಅಟ್ಟೆಯ ಚಪ್ಪಲಿ ಹಾಕಿದವರು ಬೀಳುವುದು ಇಲ್ಲೇ. ಲೇಸ್ ಇಲ್ಲದ, ಅಡಿಯಲ್ಲಿ ಹಿಡಿತವಿರುವ ಶೂ ಒಳ್ಳೆಯದು, ದೇವಸ್ಥಾನಗಳಲ್ಲಿ ಬಿಚ್ಚಿ ಹಾಕಿಕೊಳ್ಳಲೂ ಸುಲಭ. ಬೆನ್ನಿನ ಬ್ಯಾಗನ್ನು ಎದೆಯ ಮೇಲೆ ಹಾಕಿಕೊಳ್ಳಿ. ಕಳ್ಳರ ಭಯಕ್ಕಿಂತ ಹೆಚ್ಚಾಗಿ, ತಲೆಯ ಮೇಲೆ ಮೂಟೆ ಹೊತ್ತು ಬರುವವರಿಗೆ ನಿಮ್ಮ ಬೆನ್ನಿನ ಉಬ್ಬು ಕಾಣುವುದಿಲ್ಲ, ಡಿಕ್ಕಿಯಾಗುತ್ತದೆ.

ನಿಲ್ದಾಣದಿಂದ ಕೆ.ಆರ್. ರಸ್ತೆಯಲ್ಲಿ ಉತ್ತರಕ್ಕೆ ಹೊರಟರೆ ಹತ್ತು–ಹನ್ನೆರಡು ನಿಮಿಷದಲ್ಲಿ ಮಾರುಕಟ್ಟೆ. ದಾರಿಯಲ್ಲಿ ಕೋಟೆಯ ಗೋಡೆ ಕಾಣುತ್ತದೆ, ಈಗ ಮುಚ್ಚಿರುತ್ತದೆ, ಆಮೇಲೆ ಬರೋಣ. ಮಾರುಕಟ್ಟೆಯ ಜಾಗದಲ್ಲಿ ಮೊದಲು ಸಿದ್ದಿಕಟ್ಟೆ ಎಂಬ ಕೆರೆಯಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನ ಕಟ್ಟಡ ಬಂದದ್ದು 1928ರಲ್ಲಿ. ಮಳೆ ಬಂದಾಗ ಈ ಸುತ್ತಿನಲ್ಲಿ ನೀರು ನಿಲ್ಲುವುದೇಕೆ ಎಂದು ಕೇಳುವವರಿಗೆ ಸಿದ್ದಿಕಟ್ಟೆಯ ಹೆಸರೇ ಅರ್ಧ ಉತ್ತರ ಹೇಳುತ್ತದೆ. ಶಿವನಸಮುದ್ರದ ಜಲವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪ ಮೊದಲು ಹೊತ್ತಿದ್ದು ಇದೇ ಆಸುಪಾಸಿನಲ್ಲಿ, 1905ರ ಆಗಸ್ಟಿನಲ್ಲಿ.

ಒಳಗೆ ಹೋಗುತ್ತಲೇ ಹೂವಿನ ನಡುವೆ ನುಗ್ಗಬೇಡಿ. ಮೊದಲು ಮೆಟ್ಟಿಲು ಹತ್ತಿ ಮೇಲಿನ ಮಹಡಿಯ ಅಂಚಿಗೆ ಹೋಗಿ ಕೆಳಗೆ ನೋಡಿ. ಚೆಂಡುಹೂವಿನ ಹಳದಿ ಕಿತ್ತಳೆ ರಾಶಿಗಳು, ಸೇವಂತಿಗೆಯ ಬಿಳಿ, ನಡುವೆ ಓಡಾಡುವ ತಲೆಗಳು, ಎಲ್ಲರೂ ತೆಗೆಯುವ ಆ ಫೋಟೊ ಸಿಗುವುದು ಇಲ್ಲಿಂದಲೇ. ಮಂಡಿನೋವಿನವರು ಕೆಳಗೆ ಗೋಡೆಯ ಬದಿ ನಿಂತರೂ ನಷ್ಟವಿಲ್ಲ, ಏಕೆಂದರೆ ನಿಜವಾದ ಕೆಲಸ ಕಾಣುವುದು ಕೆಳಗೆ. ಬಿಡಿಹೂವು ಕಿಲೋ ಲೆಕ್ಕದಲ್ಲಿ, ಕಟ್ಟಿದ ಹೂವು ಮೊಳ, ಮಾರಿನ ಲೆಕ್ಕದಲ್ಲಿ. ಮಾರು ಎಂದರೆ ಎರಡೂ ಕೈ ಚಾಚಿದ ಅಗಲ. ಮಾರುವವರ ಕೈ ಉದ್ದವೋ ಗಿಡ್ಡವೋ ಎಂಬ ಚೌಕಾಸಿಯೂ ನಡೆಯುತ್ತದೆ. ಕಟ್ಟುವವರ ಬೆರಳು ಗಮನಿಸಿ: ಒದ್ದೆ ಮಾಡಿದ ಬಾಳೆನಾರು ಇಲ್ಲವೇ ನೂಲು, ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ ತೊಟ್ಟಿಗೆ ತೊಟ್ಟು ತಾಗಿಸಿ ಇಟ್ಟು, ಒಂದು ಕುಣಿಕೆ, ಒಂದು ಎಳೆತ. ಕಣ್ಣು ಗಿರಾಕಿಯ ಮೇಲೆ, ಕೈ ಮಾತ್ರ ಹೂವಿನ ಮೇಲೆ. ಫೋಟೊ ತೆಗೆಯುವ ಮೊದಲು ಕೇಳಿ, ಫ್ಲ್ಯಾಶ್ ಬೇಡ, ಹತ್ತು–ಇಪ್ಪತ್ತು ರೂಪಾಯಿಯ ಹೂವು ಕೊಂಡರೆ ಇನ್ನೂ ಒಳ್ಳೆಯದು. ಚಿಲ್ಲರೆ ಇಟ್ಟುಕೊಂಡಿರಿ. ಇಲ್ಲಿ ಮುಕ್ಕಾಲು ಗಂಟೆ ಸಾಕು. ಹೊರಗೆ, ಮಾರುಕಟ್ಟೆಯ ಮಗ್ಗುಲಲ್ಲೇ ಜಾಮಿಯಾ ಮಸೀದಿಯ ಬಿಳಿಯ ಮಿನಾರುಗಳು ಬೆಳಗಿನ ಬಿಸಿಲಿಗೆ ಚೆನ್ನಾಗಿ ಕಾಣುತ್ತವೆ.

ಈಗ ಫ್ಲೈಓವರ್ ಅಡಿಯಲ್ಲಿ ರಸ್ತೆ ದಾಟಬೇಕು. ಇಡೀ ನಡಿಗೆಯಲ್ಲಿ ನಿಜಕ್ಕೂ ಅಪಾಯವಿರುವುದು ಇದೊಂದೇ ಜಾಗದಲ್ಲಿ. ಬಸ್ಸುಗಳು ಹಲವು ಕಡೆಯಿಂದ ತಿರುಗುತ್ತವೆ, ಕಂಬಗಳ ಮರೆಯಿಂದ ಬೈಕು ಬರುತ್ತದೆ. ಒಬ್ಬೊಬ್ಬರೇ ಓಡಬೇಡಿ. ತಲೆಹೊರೆಯವರು, ಕೈಗಾಡಿಯವರು ದಾಟುವಾಗ ಅವರ ಜೊತೆಗೇ ದಾಟಿ, ಅವರಿಗೆ ವಾಹನಗಳು ನಿಂತೇ ನಿಲ್ಲುತ್ತವೆ.

ಏಳೂಕಾಲರ ಹೊತ್ತಿಗೆ ಅವೆನ್ಯೂ ರಸ್ತೆಗೆ ಕಾಲಿಡುತ್ತೀರಿ. ಮಾರ್ಕೆಟ್ಟಿನಿಂದ ಮೈಸೂರು ಬ್ಯಾಂಕ್ ವೃತ್ತದವರೆಗೆ ಸುಮಾರು ಒಂದು ಕಿಲೋಮೀಟರ್. ಷಟರ್ ಇಳಿದಿರುವ ಈ ಒಂದು ಗಂಟೆಯೇ ಪೇಟೆಯನ್ನು ನೋಡುವ ಹೊತ್ತು. ಕಣ್ಣು ಅಂಗಡಿ ಬೋರ್ಡಿನಿಂದ ಮೇಲಕ್ಕೆ ಹೋಗಲಿ. ನೆಲಮಹಡಿ ಪ್ರತಿ ಹತ್ತು ವರ್ಷಕ್ಕೊಮ್ಮೆ ಬಣ್ಣ, ಗಾಜು, ಫ್ಲೆಕ್ಸ್ ಬದಲಿಸುತ್ತದೆ. ಮೊದಲ ಮಹಡಿಗೆ ಆ ಖರ್ಚು ಮಾಡುವವರಿಲ್ಲ, ಅದರಿಂದಲೇ ಹಳೆಯದು ಅಲ್ಲಿ ಉಳಿದಿದೆ. ಮರದ ಕಟಕಟೆ, ಎರಕದ ಕಬ್ಬಿಣದ ಆಧಾರ, ಗಾರೆಯಲ್ಲಿ ಮೂಡಿಸಿದ ಹೂಬಳ್ಳಿ, ಮೇಲ್ತುದಿಯಲ್ಲಿ ಕಟ್ಟಿಸಿದ ವರ್ಷ ಮತ್ತು ಮಾಲೀಕರ ಹೆಸರು ಅಲ್ಲಲ್ಲಿ ಸಿಗುತ್ತವೆ. ಮಕ್ಕಳಿಗೆ ಇದನ್ನೇ ಆಟ ಮಾಡಿ: ಯಾರಿಗೆ ಹೆಚ್ಚು ಹಳೆಯ ವರ್ಷ ಸಿಕ್ಕಿತು?

ವರ್ಷ ಬರೆಯದ ಕಟ್ಟಡದ ವಯಸ್ಸನ್ನು ಅಂದಾಜು ಮಾಡಲು ಅದರ ಮಾಡು, ಅಂದರೆ ಚಾವಣಿ, ನೋಡಿ. ಮಂಗಳೂರು ಹೆಂಚು ಹೊದಿಸಿದ್ದರೆ ಆ ಮಾಡು 1865ಕ್ಕಿಂತ ಹಿಂದಿನದಲ್ಲ. ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು ಆ ವರ್ಷ. ಗೋಡೆ ಇನ್ನೂ ಹಳೆಯದಿರಬಹುದು, ಎರಡನ್ನೂ ಬೇರೆಬೇರೆಯಾಗಿಯೇ ಲೆಕ್ಕ ಹಾಕಬೇಕು. ತೆರೆದ ಬಾಗಿಲಿನೊಳಗೆ ಸೂರು ಕಂಡರೆ ಮದ್ರಾಸ್ ತಾರಸಿ ಗುರುತಿಸಬಹುದು: ಒತ್ತೊತ್ತಾಗಿ ತೇಗದ ಜಂತಿ, ಅದರ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿ ಸುಣ್ಣದ ಗಾರೆ ಹಾಕಿದ್ದು. ಸಿಮೆಂಟ್ ಕಾಂಕ್ರೀಟ್ ಬಳಕೆಗೆ ಬಂದ ಮೇಲೆ ಈ ಕೆಲಸ ನಿಂತಿತು. ಇಂಥ ಸೂರುಗಳು ಹಾಳಾಗುವುದು ಸಾಮಾನ್ಯವಾಗಿ ನೀರಿನಿಂದ. ಮೇಲೆ ಸುಣ್ಣದ ಪದರ ಬಿರುಕು ಬಿಟ್ಟಾಗ ಸಿಮೆಂಟ್ ಬಳಿಯುತ್ತಾರೆ, ಕೆಳಗಿನ ತೇವ ಹೊರಹೋಗಲಾರದೆ ಜಂತಿಯ ತುದಿ ಗೋಡೆಯೊಳಗೇ ಕೊಳೆಯುತ್ತದೆ. ಪೇಟೆಯಲ್ಲಿ ಚೆನ್ನಾಗಿಯೇ ಕಾಣುವ ಮನೆ ಇದ್ದಕ್ಕಿದ್ದಂತೆ ಮಳೆಗಾಲದಲ್ಲಿ ಕುಸಿಯುವುದಕ್ಕೆ ಇದೊಂದು ಕಾರಣ. ಜೋತುಬಿದ್ದ ಕಟಕಟೆಯ ಅಡಿಯಲ್ಲಿ ನಿಂತು ಸೆಲ್ಫಿ ತೆಗೆಯಬೇಡಿ.

ಅಂಗಡಿಯ ಮುಖ ಕಿರಿದು, ಒಳಗೆ ಹೋದರೆ ಉದ್ದ. ಮುಂದೆ ವ್ಯಾಪಾರ, ಹಿಂದೆ ವಾಸ ಎಂಬ ಕಾಲದ ನಿವೇಶನಗಳಿವು. ಅಡ್ಡಬೀದಿಗಳ ಹೆಸರುಗಳನ್ನು ಓದುತ್ತಾ ಹೋಗಿ: ರಾಗಿಪೇಟೆ, ಅಕ್ಕಿಪೇಟೆ, ಅರಳೆಪೇಟೆ, ತರಗುಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ತಿಗಳರಪೇಟೆ, ಉಪ್ಪಾರಪೇಟೆ. ಕೆಲವು ಸರಕಿನ ಹೆಸರು, ಕೆಲವು ಕಸುಬಿನವರ ಹೆಸರು. ಹೆಸರು ಹಾಗೇ ಇದೆ, ಸರಕು ಬದಲಾಗಿದೆ. ಅಕ್ಕಿಪೇಟೆಯಲ್ಲಿ ಈಗ ಔಷಧಗಳ ಸಗಟು ವ್ಯಾಪಾರ ದೊಡ್ಡದು. ಕಬ್ಬನ್‌ಪೇಟೆಯ ಓಣಿಗಳಲ್ಲಿ ಮಗ್ಗದ ಸದ್ದು ಇನ್ನೂ ಕೆಲವೆಡೆ ಕೇಳುತ್ತದೆ, ಅಲ್ಲಿಗೆ ಹೋಗಲು ಪುರುಸೊತ್ತಿದ್ದರೆ ಸದ್ದನ್ನೇ ಹಿಂಬಾಲಿಸಿ.

ಅವೆನ್ಯೂ ರಸ್ತೆಯಲ್ಲೇ ರೈಸ್ ಸ್ಮಾರಕ ಚರ್ಚ್ ಇದೆ. ಹೆಸರು ಶಾಸನಗಳ ಬಿ.ಎಲ್. ರೈಸ್ ಅವರದ್ದೆಂದು ಹಲವರು ತಿಳಿದಿದ್ದಾರೆ. ಅಲ್ಲ, ಅವರ ತಂದೆ, ಮಿಷನರಿ ಬೆಂಜಮಿನ್ ಹೋಲ್ಟ್ ರೈಸ್ ಅವರದು. ಈಗಿನ ಕಟ್ಟಡ 1910ರ ದಶಕದ್ದು, ಸಭೆ ಕನ್ನಡದ್ದು. ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಹೊರತಂದ ಮಗ ಬೆಂಗಳೂರಿನಲ್ಲೇ ಹುಟ್ಟಿದವರು. ತಾರಾಮಂಡಲಪೇಟೆಯ ಸಂಗೀನ್ ಜಾಮಿಯಾ ಮಸೀದಿ ನಗರದ ಹಳೆಯ ಮಸೀದಿಗಳಲ್ಲಿ ಒಂದು. ಪ್ರಾರ್ಥನೆಯ ಹೊತ್ತು ಬಿಟ್ಟು, ಬಾಗಿಲಲ್ಲಿ ಕೇಳಿಕೊಂಡೇ ಒಳಗೆ ಹೋಗಿ.

ಅರ್ಧ ಕಿಲೋಮೀಟರ್ ಬರುವಷ್ಟರಲ್ಲಿ ಚಿಕ್ಕಪೇಟೆಯ ಬೀದಿ ಅಡ್ಡ ಸಿಗುತ್ತದೆ. ಇದೇ ದೊಡ್ಡಪೇಟೆ ಚೌಕ, ಕೆಂಪೇಗೌಡರ ಊರಿನ ನಡು. ಇಲ್ಲಿ ಸ್ಮಾರಕ ಹುಡುಕಿದರೆ ನಿರಾಸೆಯಾಗುತ್ತದೆ. ವೈರುಗಳ ಗೋಜಲು, ಬೈಕು, ಬೋರ್ಡು ಅಷ್ಟೇ. ಆದರೂ ಒಂದು ನಿಮಿಷ ಬದಿಗೆ ನಿಂತು ನಾಲ್ಕೂ ಕಡೆ ನೋಡಿ, ಮಾರ್ಟಿನ್‌ನ ನಕ್ಷೆ ತೆರೆಯಿರಿ.

ಇಲ್ಲಿಂದ ಪೂರ್ವಕ್ಕೆ, ನಗರ್ತಪೇಟೆಯ ಕಡೆ ತಿರುಗಿ. ಓ.ಟಿ.ಸಿ. ರಸ್ತೆಯೆಂದರೆ ಹಳೆಯ ತಾಲ್ಲೂಕು ಕಚೇರಿ ರಸ್ತೆ, ಯಾರನ್ನು ಕೇಳಿದರೂ ಧರ್ಮರಾಯಸ್ವಾಮಿ ದೇವಸ್ಥಾನ ತೋರಿಸುತ್ತಾರೆ. ಚೈತ್ರ ಪೌರ್ಣಮಿಯ ಬೆಂಗಳೂರು ಕರಗ ಹೊರಡುವುದು ಈ ಗುಡಿಯಿಂದ. ಹೂವಿನ ಕರಗವನ್ನು ತಲೆಯ ಮೇಲೆ ಹೊತ್ತವರು ಸ್ತ್ರೀವೇಷದಲ್ಲಿ, ಸುತ್ತ ಕತ್ತಿ ಹಿಡಿದ ವೀರಕುಮಾರರು, ನಡುರಾತ್ರಿಯ ಮೇಲೆ ಹೊರಟು ಬೆಳಗಾಗುವವರೆಗೆ ಇಡೀ ಪೇಟೆ ಸುತ್ತುತ್ತಾರೆ. ಕಾಟನ್‌ಪೇಟೆಯ ಮಸ್ತಾನ್ ಸಾಬ್ ದರ್ಗಾಕ್ಕೂ ಕರಗ ಹೋಗುತ್ತದೆ. ತಿಗಳ ಸಮುದಾಯದ ಈ ಉತ್ಸವದ ದಾರಿಯೇ ಒಂದು ಲೆಕ್ಕದಲ್ಲಿ ಹಳೆಯ ಊರಿನ ಗಡಿ ನೆನಪಿಟ್ಟುಕೊಂಡ ನಕ್ಷೆ. ಕರಗದ ದಿನ ನಡಿಗೆ ಇಟ್ಟುಕೊಳ್ಳಬೇಡಿ, ರಸ್ತೆಗಳೆಲ್ಲ ಬಂದ್. ಬೇರೆ ದಿನಗಳಲ್ಲಿ ಎಂಟರ ಹೊತ್ತಿಗೆ ಗುಡಿ ಶಾಂತವಾಗಿರುತ್ತದೆ, ತಾಯಿಯವರು ಹತ್ತು ನಿಮಿಷ ಕುಳಿತುಕೊಳ್ಳಬಹುದು. ವಾಪಸ್ ಬರುವಾಗ ನಗರ್ತಪೇಟೆಯ ಕಾಳಿಕಾಂಬ ಕಮಠೇಶ್ವರ ದೇವಸ್ಥಾನವೂ ದಾರಿಯಲ್ಲೇ.

ಚೌಕಕ್ಕೆ ಮರಳಿದ ಮೇಲೆ ಒಂದು ತೀರ್ಮಾನ ಮಾಡಬೇಕು. ಉತ್ತರಕ್ಕೆ ಇನ್ನರ್ಧ ಕಿಲೋಮೀಟರ್ ಹೋದರೆ ಮೈಸೂರು ಬ್ಯಾಂಕ್ ವೃತ್ತ, ಅಂದರೆ ಯಲಹಂಕ ಬಾಗಿಲಿದ್ದ ಜಾಗ. ಬಾಗಿಲಿನ ಹೆಸರು ಹೊತ್ತ ಆಂಜನೇಯ ಗುಡಿ ಅಲ್ಲಿದೆ, 1913ರಲ್ಲಿ ಶುರುವಾದ ಮೈಸೂರು ಬ್ಯಾಂಕಿನ ಕಟ್ಟಡವಿದೆ. ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಕರಗಿತು, ವೃತ್ತದ ಹೆಸರು ಜನರ ಬಾಯಲ್ಲಿ ಹಾಗೇ ಇದೆ. ಹೋಗಿ ಬರಲು ಅರ್ಧ ಗಂಟೆ ಬೇಕು. ಕಾಲುನೋವಿನವರಿದ್ದರೆ ಇದನ್ನು ಬಿಡಿ. ಇಡೀ ದಾರಿಯಲ್ಲಿ ಬಿಡುವುದೇ ಆದರೆ ಮೊದಲು ಬಿಡಬೇಕಾದ್ದು ಇದೇ.

ಚೌಕದಿಂದ ಪಶ್ಚಿಮಕ್ಕೆ ಚಿಕ್ಕಪೇಟೆ ಹಿಡಿದರೆ ರೇಷ್ಮೆ ಸೀರೆಯ ಅಂಗಡಿಗಳು ಇನ್ನೂ ಮುಚ್ಚಿರುತ್ತವೆ. ಸೀರೆ ಕೊಳ್ಳುವ ಉದ್ದೇಶವಿದ್ದರೆ ಬೇರೆ ಹೊತ್ತಿನಲ್ಲಿ ಬನ್ನಿ. ನಡಿಗೆ, ಖರೀದಿ ಎರಡನ್ನೂ ಒಂದೇ ಬೆಳಿಗ್ಗೆ ತುರುಕಿದರೆ ಎರಡೂ ಕೆಡುತ್ತವೆ, ಕೈಯಲ್ಲಿ ಚೀಲ ಹಿಡಿದು ಅರಮನೆ ನೋಡುವುದು ಸುಖವಲ್ಲ. ಮುಂದೆ ಬಳೇಪೇಟೆ. ವೀಣೆ, ಮೃದಂಗ, ಹಾರ್ಮೋನಿಯಂ ಮಾರುವ ಮತ್ತು ರಿಪೇರಿ ಮಾಡುವ ಅಂಗಡಿಗಳಿಗೆ ಹೆಸರಾದ ಬೀದಿ. ಬಳೇಪೇಟೆಯ ಉಡುಪಿ ಶ್ರೀಕೃಷ್ಣ ಭವನದಲ್ಲಿ ತಿಂಡಿ ಮಾಡಿ, ಸಾಗು ಮಸಾಲೆ ದೋಸೆ ಇಲ್ಲಿನ ಹೆಸರುವಾಸಿ ತಿಂಡಿ. ಒಂಬತ್ತರ ಮೇಲೆ ಕುರ್ಚಿಗೆ ಕಾಯಬೇಕಾಗಬಹುದು. ಮಾಂಸಾಹಾರಿಗಳಾದರೆ ಈ ಸುತ್ತಿನಲ್ಲಿ ಹಳೆಯ ಮಿಲಿಟರಿ ಹೋಟೆಲುಗಳಿವೆ, ದೊನ್ನೆ ಬಿರಿಯಾನಿಗೆ ಬೆಳಿಗ್ಗೆಯೇ ಜನ ಸೇರುತ್ತಾರೆ. ತಿಂಡಿಯಾದ ಮೇಲೆ ರಂಗಸ್ವಾಮಿ ದೇವಸ್ಥಾನದ ಬೀದಿಯಲ್ಲಿ ರಂಗನಾಥಸ್ವಾಮಿ ಗುಡಿಯ ಕಲ್ಲಿನ ಕಂಬಗಳನ್ನು ನೋಡಿ. ಇಷ್ಟು ಗಟ್ಟಿಯಾದ ಹಳೆಯ ಕೆಲಸ ಇಷ್ಟು ಬಿಗಿಯಾದ ಓಣಿಯಲ್ಲಿದೆ ಎಂದು ಹೊರಗಿನಿಂದ ಅನ್ನಿಸುವುದೇ ಇಲ್ಲ.

ಈಗ ಒಂಬತ್ತೂವರೆ. ಪೇಟೆ ತುಂಬತೊಡಗುತ್ತದೆ, ಕೈಗಾಡಿಗಳು, ಟೆಂಪೋಗಳು ಓಣಿ ಮುಚ್ಚುತ್ತವೆ. ಬಂದ ದಾರಿಯಲ್ಲೇ ನಡೆದು ವಾಪಸ್ ಹೋಗುವುದು ಹೆಚ್ಚಿನವರು ಮಾಡುವ ತಪ್ಪು. ಸುಸ್ತಾಗಿ, ಕೋಟೆ ಬಿಟ್ಟು ಮನೆಗೆ ಹೋಗುವುದು ಇಲ್ಲೇ. ಬಳೇಪೇಟೆಯಿಂದ ಹತ್ತಿರದಲ್ಲೇ ಚಿಕ್ಕಪೇಟೆ ಮೆಟ್ರೊ ನಿಲ್ದಾಣವಿದೆ. ಅಲ್ಲಿಂದ ದಕ್ಷಿಣಕ್ಕೆ ಒಂದೇ ನಿಲ್ದಾಣ, ಕನಿಷ್ಠ ದರದ ಟಿಕೆಟ್. ಎ.ಸಿ. ಗಾಳಿ, ಶೌಚಾಲಯ, ಎಸ್ಕಲೇಟರ್, ಲಿಫ್ಟ್ ಎಲ್ಲ ಸೇರಿ ತಾಯಿಯವರಿಗೆ ಇದೇ ವಿಶ್ರಾಂತಿ. ಹತ್ತಕ್ಕೆ ಮುಂಚೆ ನೀವು ಹೊರಟ ನಿಲ್ದಾಣಕ್ಕೇ ಮರಳಿರುತ್ತೀರಿ.

ಮೊದಲು ಕೋಟೆ ವೆಂಕಟರಮಣ ದೇವಸ್ಥಾನ. ಚಿಕ್ಕದೇವರಾಜ ಒಡೆಯರು ಕಟ್ಟಿಸಿದ್ದು, ಹದಿನೇಳನೇ ಶತಮಾನದ ಕೊನೆಯ ಭಾಗ. ಗುಡಿ ಮಧ್ಯಾಹ್ನ ಮುಚ್ಚುವುದರಿಂದ ಅರಮನೆಗಿಂತ ಮೊದಲು ಇದನ್ನು ಮುಗಿಸಿ. ಮಂಟಪದ ಯಾಳಿ (ಸಿಂಹದಂಥ ಕಾಲ್ಪನಿಕ ಮೃಗ) ಕಂಬಗಳನ್ನು ಹತ್ತಿರದಿಂದ ನೋಡಿ. ಎದುರಿನ ಕಂಬ 1791ರ ಮುತ್ತಿಗೆಯಲ್ಲಿ ಫಿರಂಗಿ ಗುಂಡಿಗೆ ಎದೆಯೊಡ್ಡಿ ಟಿಪ್ಪುವನ್ನು ಉಳಿಸಿತೆಂದು ಜನ ಹೇಳುತ್ತಾರೆ. ಕಥೆಯೆಂದೇ ಕೇಳಿ, ಚೆನ್ನಾಗಿದೆ. ಪಕ್ಕದಲ್ಲಿ 1907ರ ಕೋಟೆ ಹೈಸ್ಕೂಲಿನ ಕಟ್ಟಡ.

ದೇವಸ್ಥಾನಕ್ಕೆ ತಾಗಿಕೊಂಡೇ ಟಿಪ್ಪುವಿನ ಬೇಸಿಗೆ ಅರಮನೆ. ಹೈದರ್ ಅಲಿ ಶುರು ಮಾಡಿದ್ದನ್ನು ಟಿಪ್ಪು 1791ರಲ್ಲಿ ಮುಗಿಸಿದ. ಪುರಾತತ್ವ ಇಲಾಖೆಯ ಟಿಕೆಟ್ ಇದೆ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಕೌಂಟರಿನ ಸಾಲು ಉದ್ದವಿದ್ದರೆ ಫಲಕದ ಕೋಡ್ ಸ್ಕ್ಯಾನ್ ಮಾಡಿ ಹಣ ಕಟ್ಟಬಹುದು. ಸ್ಟ್ಯಾಂಡ್ ಇಟ್ಟು ಫೋಟೊ ತೆಗೆಯಲು ಬಿಡುವುದಿಲ್ಲ. ಅರಮನೆಯೆಂದರೆ ಮೈಸೂರಿನದನ್ನು ನೆನಪಿಸಿಕೊಂಡು ಬಂದವರಿಗೆ ಇದು ಸಪ್ಪೆ ಎನಿಸುತ್ತದೆ. ನೋಡಬೇಕಾದ್ದು ಮರಗೆಲಸವನ್ನು: ಕಲ್ಲಿನ ಪೀಠದ ಮೇಲೆ ನಿಂತ ತೇಗದ ಕಂಬಗಳು, ಅವುಗಳ ನಡುವಿನ ಅಲೆಯಂಚಿನ ಕಮಾನುಗಳು, ಮೇಲ್ಮಹಡಿಯಲ್ಲಿ ಪೂರ್ವಕ್ಕೂ ಪಶ್ಚಿಮಕ್ಕೂ ಚಾಚಿದ ದರ್ಬಾರಿನ ಮೊಗಸಾಲೆಗಳು. ಗೋಡೆ, ಸೂರಿನ ಮೂಲೆಗಳಲ್ಲಿ ಹೂವಿನ ಚಿತ್ತಾರದ ಬಣ್ಣ ಮಾಸಿದೆ, ಬೆಳಕು ಬೀಳದ ಒಳಬದಿಯಲ್ಲಿ ಹೆಚ್ಚು ಉಳಿದಿದೆ. ಮೇಲಿನ ಮಹಡಿಯ ಮೆಟ್ಟಿಲು ಕಿರಿದು, ಕಡಿದು. ತಾಯಿಯವರು ಕೆಳಗಿನ ಮೊಗಸಾಲೆಯಲ್ಲೇ ಇದ್ದರೆ ಒಳ್ಳೆಯದು, ಮುಂದಿನ ತೋಟದಲ್ಲೂ ಕೂರಬಹುದು. ಟಿಪ್ಪುವಿನ ನಂತರ ಈ ಮರದ ಕಟ್ಟಡ ಸುಮ್ಮನೆ ಕೂರಲಿಲ್ಲ: 1831ರಿಂದ ಬ್ರಿಟಿಷ್ ಕಮಿಷನರರ ಆಡಳಿತ ಕಚೇರಿ ಇಲ್ಲೇ ನಡೆಯಿತು, 1868ರಲ್ಲಿ ಅಠಾರ ಕಚೇರಿಗೆ, ಅಂದರೆ ಇಂದಿನ ಹೈಕೋರ್ಟ್ ಕಟ್ಟಡಕ್ಕೆ ಹೋಯಿತು.

ಕೊನೆಯದು ಕೋಟೆ. ಕೆ.ಆರ್. ರಸ್ತೆಯಲ್ಲಿ ಮತ್ತೆ ಉತ್ತರಕ್ಕೆ ಏಳೆಂಟು ನಿಮಿಷ. ಎಡಗಡೆ ವಾಣಿವಿಲಾಸ ಆಸ್ಪತ್ರೆ, ಅದರಾಚೆ 1900ರಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದ ವಿಕ್ಟೋರಿಯಾ ಆಸ್ಪತ್ರೆ. ಇವು ನಿಂತಿರುವುದೂ ಹಳೆಯ ಕೋಟೆಯ ಮತ್ತು ಅದರ ಅಂಚಿನ ನೆಲದ ಮೇಲೆಯೇ. ಕೋಟೆಯಲ್ಲಿ ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಸುತ್ತಲ ಒಂದಿಷ್ಟು ಗೋಡೆ ಮಾತ್ರ. ಮೂಲದ ಒಂದು ಸಣ್ಣ ಚೂರು. ‘ಇಷ್ಟೇನಾ?’ ಎಂದು ಐದು ನಿಮಿಷದಲ್ಲಿ ಹೊರಬರುವವರೇ ಹೆಚ್ಚು. ಇಪ್ಪತ್ತು ನಿಮಿಷ ಕೊಡಿ, ಏಕೆಂದರೆ ಈ ಚೂರಿನಲ್ಲೇ ಕೋಟೆಯ ಯುಕ್ತಿ ಪೂರ್ತಿ ಓದಬಹುದು.

ಮಣ್ಣಿನ ಕೋಟೆಯನ್ನು ಹೈದರ್ ಅಲಿ 1761ರಲ್ಲಿ ಕಲ್ಲಿನಲ್ಲಿ ಕಟ್ಟಿಸತೊಡಗಿದ. ದೊಡ್ಡ ಬಾಗಿಲ ಹಲಗೆಗಳ ಮೇಲಿನ ಕಬ್ಬಿಣದ ಮುಳ್ಳುಗಳು ಆನೆಯ ಹಣೆಗೆ ತಾಗುವ ಎತ್ತರದಲ್ಲಿವೆ, ಆನೆ ಗುದ್ದಿ ಬಾಗಿಲು ಒಡೆಯದಿರಲೆಂದು. ಜನರ ಓಡಾಟಕ್ಕೆ ಹಲಗೆಯಲ್ಲೇ ಕೊರೆದ ಗಿಡ್ಡ ದಿಡ್ಡಿಬಾಗಿಲು. ಒಳಬರುವವನು ತಲೆ ತಗ್ಗಿಸಿ ಒಬ್ಬೊಬ್ಬನೇ ಬರಬೇಕು. ಒಳಗಿನ ದಾರಿ ನೇರವಾಗಿಲ್ಲ, ತಿರುಗುತ್ತದೆ. ನುಗ್ಗಿಬಂದ ದಂಡಿನ ವೇಗ ಮುರಿಯುವುದು ಆ ತಿರುವಿನಲ್ಲಿ, ಮೇಲಿನಿಂದ ಗುಂಡು ಸುರಿಯುವುದೂ ಅಲ್ಲೇ. ಕಮಾನುಗಳ ಗಾರೆಕೆಲಸ, ಕಲ್ಲಿನಲ್ಲಿ ಬಿಡಿಸಿದ ಹಕ್ಕಿ, ಆನೆಗಳ ಚಿತ್ರ, ಅಂಗಳದ ಪುಟ್ಟ ಗಣೇಶ ಗುಡಿ, ಎಲ್ಲವೂ ಒಟ್ಟೊಟ್ಟಿಗೇ ಇವೆ. ಒಂದು ಕತ್ತಲಕೋಣೆಯ ಮೇಲೆ ಡೇವಿಡ್ ಬೇರ್ಡ್ ಎಂಬ ಬ್ರಿಟಿಷ್ ಅಧಿಕಾರಿ ಸೆರೆಯಲ್ಲಿದ್ದನೆಂಬ ಫಲಕ ಕಾಣುತ್ತದೆ. ಮುಂದೆ 1799ರಲ್ಲಿ ಶ್ರೀರಂಗಪಟ್ಟಣದ ಮೇಲಿನ ಕೊನೆಯ ದಾಳಿಯ ನಾಯಕ ಅವನೇ.

1791ರ ಮಾರ್ಚ್ 7ರಂದು ಪೇಟೆ ಬಿದ್ದಿತು. ಕೋಟೆ ಎರಡು ವಾರ ತಡೆದು, 21ರ ರಾತ್ರಿ ಬಿದ್ದಿತು. ಕೋಟೆಯ ಅಧಿಪತಿ, ಕಿಲ್ಲೇದಾರ ಬಹಾದುರ್ ಖಾನ್ ಹೋರಾಡುತ್ತಲೇ ಸತ್ತ. ಗೋಡೆ ಒಡೆದ ಜಾಗದಿಂದ ಬ್ರಿಟಿಷರು ನುಗ್ಗಿದರೆಂದು ಹೇಳುವ ಕಲ್ಲಿನ ಫಲಕ ಕೋಟೆಯ ಹೊರಬದಿಯಲ್ಲಿ, ಕೆ.ಆರ್. ರಸ್ತೆಯ ಕಡೆಯಿದೆ. ಒಳಗೇ ಹುಡುಕಿ ಸಿಗಲಿಲ್ಲವೆನ್ನುವವರಿದ್ದಾರೆ. ಹೊರಬಂದು ಪಾದಚಾರಿ ದಾರಿಯಲ್ಲಿ ಗೋಡೆಗುಂಟ ನಡೆಯಿರಿ. ಮೆಟ್ರೊಗಾಗಿ ಈ ಸುತ್ತಿನ ನೆಲ ಅಗೆದಾಗ 2012ರಲ್ಲಿ ಹಳೆಯ ಫಿರಂಗಿಗಳು ಸಿಕ್ಕಿದ್ದವು.

ತಾಯಿಯವರಿಗೆ ಇಷ್ಟೂ ಬೇಡವೆನಿಸಿದರೆ ಚಿಕ್ಕ ದಾರಿ ಹೀಗೆ: ಅವರು ಇಳಿದುಕೊಂಡ ಜಾಗದಿಂದ ತಡವಾಗಿ ಹೊರಟು, ಹತ್ತು ಗಂಟೆಗೆ ಕೃಷ್ಣರಾಜೇಂದ್ರ ಮಾರುಕಟ್ಟೆ ಮೆಟ್ರೊ ನಿಲ್ದಾಣದಲ್ಲೇ ನಿಮ್ಮನ್ನು ಕೂಡಿಕೊಳ್ಳಲಿ. ದೇವಸ್ಥಾನ, ಅರಮನೆ ಎರಡೂ ನಿಲ್ದಾಣದ ಆಸುಪಾಸಿನಲ್ಲೇ ಇವೆ. ಕೋಟೆಗೆ ಮಾತ್ರ ಆಟೋ ಮಾಡಿ. ಹತ್ತಿರದ ಬಾಡಿಗೆಗೆ ಒಪ್ಪದಿದ್ದರೆ ಕೋಟೆ ಬಿಟ್ಟುಬಿಡಿ, ಮಕ್ಕಳೊಂದಿಗೆ ಒಬ್ಬರು ಹೋಗಿ ಬಂದರಾಯಿತು. ಗೈಡ್ ಇದ್ದರೇ ವಾಸಿ ಎನಿಸಿದರೆ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆ ಆಗಾಗ ಪರಂಪರೆ ನಡಿಗೆಗಳನ್ನು ಏರ್ಪಡಿಸುತ್ತದೆ, ನಿಮ್ಮ ದಿನಾಂಕಕ್ಕೆ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಏಪ್ರಿಲ್–ಮೇ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬರುವುದಾದರೆ ಬೆಂಗಳೂರಿನ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಹಾಗಾಗಿ ಈ ಬೆಳಗಿನ ದಾರಿಗೆ ಅಡ್ಡಿಯಿಲ್ಲ. ಹಿಂದಿನ ರಾತ್ರಿ ಜೋರಾಗಿ ಸುರಿದಿದ್ದರೆ ಮಾತ್ರ ಮಾರುಕಟ್ಟೆ ಬಿಟ್ಟು, ನೇರವಾಗಿ ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿದು ಬಳೇಪೇಟೆಯಿಂದ ಶುರು ಮಾಡಿ.